ಮೇಷ್ಟ್ರ ಊರಿನ ಗಂಟೆಗೆ ನನ್ನ ಹೂಂ

ಕೇಳಿಸಿಕೊಳ್ಳದೆ ತಲೆಯಾಡಿಸುವವರಿಗೆ ಫಜೀತಿ ಹುಡುಕಿಕೊಂಡು ಬರುತ್ತದೆ. ನನಗಂತೂ ಅದು ವಿಳಾಸ ಗೊತ್ತಿರುವ ನೆಂಟನ ಹಾಗೆ ಪದೇಪದೇ ಬರುತ್ತಿರುತ್ತದೆ.

ನಾನು ಅಮೆರಿಕದ ಸ್ಕೋಕಿ ಅನ್ನುವ ಊರಿನಲ್ಲಿರುವವಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಪಕ್ಕದ ಮನೆಯಲ್ಲಿ ಫಿಲಿಪೀನ್ಸಿನ ನರ್ಸ್ ಒಬ್ಬಳು, ಅವಳ ಜೊತೆ ಅವಳಪ್ಪ. ಎಂಬತ್ತು ದಾಟಿದ ನಿವೃತ್ತ ಸ್ಕೂಲ್ ಮೇಷ್ಟ್ರು. ನನಗೆ ಬುಧವಾರ ರಜೆ, ಅವಳಿಗೆ ಡ್ಯೂಟಿ. ಹಾಗಾಗಿ ಮೇಷ್ಟ್ರನ್ನು ಮಂಡಿನೋವಿನ ಥೆರಪಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಹೋಗುತ್ತಾ ಹನ್ನೊಂದು ಮೈಲಿ, ಬರುತ್ತಾ ಹನ್ನೊಂದು ಮೈಲಿ. ಅಷ್ಟೂ ದೂರ ಅವರು ತಮ್ಮ ಊರಿನ ಇತಿಹಾಸ ಹೇಳುವರು. ಒಂದು ಚರ್ಚು, ಅದರ ಮುಂದೊಂದು ಬಯಲು, ಸಂತೆ, ನದಿ, ಸುತ್ತ ಭತ್ತದ ಗದ್ದೆ. ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಇತಿಹಾಸ ಹೇಗೆ ಬಂತೋ ದೇವರಿಗೇ ಗೊತ್ತು.

ನಾನು ಹೂಂಗುಡುತ್ತಿದ್ದೆ. ನಮ್ಮ ಮೈಸೂರಿನ ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಹಾಗಾಗಿ ನಿದ್ದೆಯಲ್ಲೂ ಹೂಂ ಅನ್ನುವ ವಿದ್ಯೆ ನನಗೆ ಚಿಕ್ಕಂದಿನಲ್ಲೇ ಸಿದ್ಧಿಸಿದೆ. ಮೇಷ್ಟ್ರು ಮಗಳಿಗೆ ಹೇಳುತ್ತಿದ್ದರಂತೆ: "ಇಡೀ ಅಮೆರಿಕದಲ್ಲಿ ನನ್ನ ಮಾತು ಕೇಳೋದು ಆ ಹೆಣ್ಣುಮಗಳು ಒಬ್ಬಳೇ."

ಇಪ್ಪತ್ತಾರು ಡಬ್ಬಿ

ಆ ಊರಿನಿಂದ ಬಂದವರೆಲ್ಲ ಬೇಸಿಗೆಯಲ್ಲೊಮ್ಮೆ ಪಾರ್ಕಿನಲ್ಲಿ ಸೇರುತ್ತಾರೆ. ಹೆಸರಿನ ಚೀಟಿ ಹಂಚುವ ಕೆಲಸ ನಾನೇ ಕೇಳಿ ವಹಿಸಿಕೊಂಡೆ. ನಮ್ಮ ರಾಜ್ಯೋತ್ಸವದಲ್ಲಿ ಎಷ್ಟು ವರ್ಷ ಮಾಡಿಲ್ಲ! ಎ ಇಂದ ಜ಼ೆಡ್‌ವರೆಗೆ ಇಪ್ಪತ್ತಾರು ಡಬ್ಬಿ ಜೋಡಿಸಿ, ಮನೆತನದ ಹೆಸರಿನ ಪ್ರಕಾರ ಚೀಟಿ ಹಾಕತೊಡಗಿದೆ. ಎಲ್ಲವೂ ಆರ್ ಡಬ್ಬಿಗೇ ಹೋದವು. ಡಬ್ಬಿ ತುಂಬಿ ಚೀಟಿಗಳು ಹುಲ್ಲಿನ ಮೇಲೆ ಬಿದ್ದವು. ಉಳಿದ ಇಪ್ಪತ್ತೈದು ಡಬ್ಬಿ ಖಾಲಿ.

"ಇವರೆಲ್ಲ ಒಂದೇ ಮನೆಯವರಾ ಅಂಕಲ್?" ಅಂದೆ.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಸ್ಪೇನಿನವರು ಹೆಸರುಗಳ ಒಂದು ದೊಡ್ಡ ಪಟ್ಟಿ ಮಾಡಿ ಊರೂರಿಗೂ ಹಂಚಿದ್ರು, ನಮ್ಮೂರಿಗೆ ಆರ್ ಅಕ್ಷರದ ಹಾಳೆ ಬಂತು, ಎಲ್ರೂ ಅದ್ರಲ್ಲೇ ಆರಿಸ್ಕೋಬೇಕಾಯ್ತು ಅಂತ ಮೂರು ಬುಧವಾರ ಹೇಳಿದ್ನಲ್ಲಮ್ಮ?"

"ಹೂಂ," ಅಂದೆ.

ಗೌರವದ ತಲೆ

ಊರಿನ ಸಂತರ ಹಬ್ಬದ ದಿನ ಅಲ್ಲಿ ಯಾರ ಮನೆಗೆ ಯಾರು ಬೇಕಾದರೂ ನುಗ್ಗಿ ಊಟ ಮಾಡಬಹುದಂತೆ. ಉಣ್ಣದೆ ಹೋದರೆ ಮನೆಯವರಿಗೆ ಅವಮಾನ. ಸ್ಕೋಕಿಯಲ್ಲೂ ಹಬ್ಬ ಮಾಡಿದರು, ನನ್ನನ್ನೂ ಕರೆದರು. ಮೇಜಿನ ತುದಿಯಲ್ಲಿ ನನಗೆ ಕುರ್ಚಿ. ಎದುರಿಗೆ ಇಡಿಯಾಗಿ ಸುಟ್ಟ ಹಂದಿ, ಮುಖ ನನ್ನ ಕಡೆಗೆ. ನಾನು ಅದನ್ನು ನೋಡಿದೆ, ಅದು ನನ್ನನ್ನು ನೋಡಿತು.

"ನಾನು ಮೊಟ್ಟೆ ಕೂಡ ತಿನ್ನಲ್ಲ ಅಂಕಲ್," ಎಂದೆ, ಅಳುವ ದನಿಯಲ್ಲಿ.

"ಹಂದಿ ಆಗುತ್ತಾ ಅಂತ ಹೋದ ವಾರ ಕಾರಲ್ಲೇ ಕೇಳಿದೆ. ಹೂಂ ಅಂದ್ರಿ. ತಲೆಭಾಗ ಇಡ್ಲಾ ಅಂದೆ, ಅದಕ್ಕೂ ಹೂಂ ಅಂದ್ರಿ!"

ಅವರಿಗೆ ಕೋಪ ಬರಲಿಲ್ಲ. ತಾವೇ ಬಾಳೆಹಣ್ಣು ಸುಲಿದು ನನ್ನ ತಟ್ಟೆಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಆ ಹಬ್ಬದಲ್ಲಿ ಹಸಿದು ಎದ್ದವರು ಇಬ್ಬರೇ, ನಾನು ಮತ್ತು ನನ್ನನ್ನು ಬಿಟ್ಟು ಉಣ್ಣಲಾರೆ ಅಂದ ಮೇಷ್ಟ್ರು.

ಗಂಟೆಯ ಕಥೆ

ಯುದ್ಧದ ಕಾಲದಲ್ಲಿ ಜಪಾನಿನ ಸೈನಿಕರು ಚರ್ಚಿನ ಗಂಟೆಯನ್ನು ಕರಗಿಸಿಬಿಡುತ್ತಾರೆಂದು ಹೆದರಿ, ಮೇಷ್ಟ್ರ ಅಪ್ಪ ಮತ್ತು ಇನ್ನು ಮೂವರು ಸೇರಿ ಅದನ್ನು ಇಳಿಸಿ ಎಲ್ಲೋ ಹೂತಿಟ್ಟರು. ಆ ನಾಲ್ವರೂ ತೀರಿಕೊಂಡರು. ಜಾಗ ಗೊತ್ತಿದ್ದದ್ದು ಮೇಷ್ಟ್ರಿಗೆ ಮಾತ್ರ. ಈ ಕಥೆಯನ್ನು ಅವರು ಕಂತು ಕಂತಾಗಿ ಎಳೆದರು. ಒಂದು ಬುಧವಾರ "ಇವತ್ತು ಮುಗಿಸಿಬಿಡ್ತೀನಿ" ಅಂದರು.

ಆ ದಿನವೇ ಕನ್ನಡ ಕೂಟದವರು ನಲವತ್ತು ಜನರ ಬಿಸಿಬೇಳೆಬಾತ್ ನನ್ನ ತಲೆಗೆ ಕಟ್ಟಿದ್ದರು. ಬೇಳೆ ಎಷ್ಟು, ಅಕ್ಕಿ ಎಷ್ಟು ಎಂದು ಲೆಕ್ಕ ಹಾಕುತ್ತಾ ಹೈವೇಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿದೆ. ಮೇಷ್ಟ್ರಿಗೆ ಐದು ಮೈಲಿ ಹೆಚ್ಚಿಗೆ ಸಿಕ್ಕಿತು. ಇಳಿಯುವಾಗ ನನ್ನ ಕೈ ಹಿಡಿದುಕೊಂಡು, "ಎದೆ ಹಗುರಾಯ್ತಮ್ಮ. ಇನ್ನು ನೀವೇ ನಮ್ಮವ್ರಿಗೆ ಹೇಳಿ" ಅಂದರು.

ಹೂಂ ಅಂದೆ. ಮೂರು ವಾರಕ್ಕೆ ಅವರು ಹೋಗಿಬಿಟ್ಟರು. ಬಿಸಿಬೇಳೆಬಾತಿಗೆ ಉಪ್ಪೂ ಕಮ್ಮಿಯಾಗಿತ್ತು.

ಡೋನಟ್ ಅಂಗಡಿ

ಮಣ್ಣಿನ ದಿನ ಅತ್ತೆ ಎಚ್ಚರಿಸಿ ಕಳಿಸಿದ್ದರು. "ಸೀದಾ ಮನೆಗೆ ಬಾ. ಎಲ್ಲೂ ನಿಲ್ಲಬೇಡ, ಏನೂ ಮುಟ್ಟಬೇಡ. ಗೀಸರ್ ಹಾಕಿರ್ತೀನಿ, ಮೊದ್ಲು ತಲೆಗೆ ಸ್ನಾನ."

ಮೇಷ್ಟ್ರ ಊರಿನವರದು ತದ್ವಿರುದ್ಧ. ಸೀದಾ ಮನೆಗೆ ಹೋದರೆ ಸತ್ತವರು ಹಿಂದೆಯೇ ಬರುತ್ತಾರಂತೆ. ದಾರಿಯಲ್ಲಿ ಎಲ್ಲಾದರೂ ನಿಂತು ಅವರಿಗೆ ದಾರಿ ತಪ್ಪಿಸಬೇಕು. ಹತ್ತು ಕಾರು ಸಾಲಾಗಿ ಡೋನಟ್ ಅಂಗಡಿಗೆ ತಿರುಗಿದವು. ನನ್ನದು ಹನ್ನೊಂದನೆಯದು. ಕಾಫಿ ಕೈಗೆ ಬರುವಷ್ಟರಲ್ಲಿ ಅತ್ತೆಯ ಫೋನು.

"ಎಲ್ಲಿದೀಯೇ?"

"ಸಾವಿನ ಮನೆಯವರ ಜೊತೆ ಡೋನಟ್ ತಿಂತಿದೀನಿ ಅತ್ತೆ."

ಅತ್ತೆ ಫೋನ್ ಇಟ್ಟರು. ಅಷ್ಟರಲ್ಲಿ ನರ್ಸ್ ಗೆಳತಿ ತನ್ನ ಫೋನನ್ನು ನನ್ನ ಮುಂದೆ ನಿಲ್ಲಿಸಿದಳು. ವಿಡಿಯೋದಲ್ಲಿ ಅವರ ಊರು. ಪಾದ್ರಿ, ಅವರ ಹಿಂದೆ ಹತ್ತಾರು ಜನ. ಹೊಸ ಗೋಪುರ ಕಟ್ಟಿಸಿ, ಹಳೆಯ ಗಂಟೆಗಾಗಿ ಕಾಯುತ್ತಿದ್ದಾರಂತೆ.

"ಅಪ್ಪ ಎಲ್ಲಾ ನಿಮಗೆ ಹೇಳಿದೀನಿ ಅಂದ್ರು. ಹೇಳಿ, ಎಲ್ಲಿದೆ ಗಂಟೆ?"

ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾನು ಕೇಳಿಸ್ಕೊಳ್ಲಿಲ್ಲ," ಅಂದೆ. "ಒಂದು ಬಾವಿ, ಅದರ ಪಕ್ಕ ಒಂದು ಮಾವಿನ ಮರ. ನೆನಪಿರೋದು ಇಷ್ಟೇ."

ಪಾದ್ರಿ ತಲೆ ಕೆರೆದುಕೊಂಡರು. "ಇಲ್ಲಿ ಮನೆಗೊಂದು ಬಾವಿ, ಬಾವಿಗೊಂದು ಮಾವಿನ ಮರ ಇದೆಯಲ್ಲಮ್ಮ."

ಗೆಳತಿ ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಅವಳು ಅಳುತ್ತಾ ನಕ್ಕುಬಿಟ್ಟಳು. "ನಾನು ಹುಟ್ಟಿದಾಗಿಂದ ಕೇಳಿದೀನಿ ಈ ಕಥೆ. ಕಥೆ ಬಾವಿ ಹತ್ರ ಬರೋಷ್ಟರಲ್ಲಿ ನಾನು ಎದ್ದು ಹೋಗಿರ್ತಿದ್ದೆ." ಸುತ್ತ ಕುಳಿತ ಮುದುಕರೂ ಡೋನಟ್ ನೋಡುತ್ತಾ ತಲೆ ತಗ್ಗಿಸಿದರು.

ಈಗ ಆ ಊರಿನಲ್ಲಿ ಬಾವಿ ಬಾವಿಯ ಪಕ್ಕ ಅಗೆಯುತ್ತಿದ್ದಾರೆ. ನನಗೆ ಫೋಟೋ ಬರುತ್ತಲೇ ಇರುತ್ತದೆ. ಒಂದು ಗುಂಡಿಯಲ್ಲಿ ಒಡೆದ ಹಂಡೆ, ಇನ್ನೊಂದರಲ್ಲಿ ಯಾರೋ ಹೆಂಡತಿಗೆ ಹೆದರಿ ಬಚ್ಚಿಟ್ಟ ಹೆಂಡದ ಬಾಟಲಿಗಳು. ಗಂಟೆ ಮಾತ್ರ ಸಿಕ್ಕಿಲ್ಲ. ಕಿವಿ ತೆರೆದಿಟ್ಟುಕೊಂಡು ಹದಿನಾರು ಮೈಲಿ ಡ್ರೈವ್ ಮಾಡಿದ್ದರೆ ಸಾಕಿತ್ತು.

ಮೊನ್ನೆ ಬಂದ ಫೋಟೋದಲ್ಲಿ ಪಾದ್ರಿಯೇ ಸೊಂಟದವರೆಗೆ ಗುಂಡಿಯಲ್ಲಿ ನಿಂತಿದ್ದರು, ಕೈಯಲ್ಲಿ ಗುದ್ದಲಿ, ಬಿಳಿ ಅಂಗಿಯೆಲ್ಲ ಕೆಸರು. ಕೆಳಗೆ ಬರೆದಿದ್ದರು: "ಇನ್ನೊಂಚೂರು ನೆನಪು ಮಾಡ್ಕೊಳ್ಳಿ ಮೇಡಂ, ನಿಮಗೆ ಪುಣ್ಯ ಬರುತ್ತೆ. ಬಾವಿಯ ಎಡಕ್ಕಾ, ಬಲಕ್ಕಾ?"