ಬೊಮ್ಮಜ್ಜಿ ಕೊಡದ ಬಳ್ಳಿ

ನರ್ಸರಿ ಕೆಲಸದ ಹುಡುಗ ಯೋಗೇಶನಿಗೆ ಕುತ್ತು ತಂದದ್ದು ಒಂದು ಹಿಡಿ ಬೀಜ. ನೀಲಿಗೊಂಚಲು ಬಳ್ಳಿಯ ಬೀಜದ ಸಿಪ್ಪೆ ಬಲು ಗಟ್ಟಿ. ಒರಟು ಕಲ್ಲಿಗೆ ತಿಕ್ಕಿ, ಒಂದು ರಾತ್ರಿ ನೀರಲ್ಲಿ ನೆನೆಸಿ ಊರಬೇಕು. ಅವನು ಪೊಟ್ಟಣ ಬಿಚ್ಚಿದವನೇ ಮಣ್ಣಿಗೆ ಹಾಕಿಬಿಟ್ಟ. ತಿಂಗಳಾದರೂ ಕುಂಡಗಳು ಬೋಳಿಸಿದ ತಲೆಗಳ ಹಾಗೆ ಸಾಲಾಗಿ ಕೂತಿದ್ದವು.

"ಕಾರವಾರದ ಗಿರಾಕಿ ಇವತ್ತೇ ಬರ್ತಾರೆ," ಅಂದಳು ಭಾವಿಕೇರಿ ನರ್ಸರಿಯ ಒಡತಿ ರುಕ್ಮಿಣಿ. "ನಾಕು ಗಂಟೆಯೊಳಗೆ ಒಂದು ಕುಂಡದಲ್ಲಾದ್ರೂ ಆ ಬಳ್ಳಿ ಕಾಣ್ಬೇಕು ತಮಾ. ಇಲ್ದಿದ್ರೆ ನಾಳಿಂದ ನೀನೂ ಇಲ್ಲಿ ಕಾಣೂದು ಬೇಡ."

ಊರಲ್ಲಿ ಆ ಬಳ್ಳಿ ಇದ್ದದ್ದು ಒಂದೇ ಕಡೆ, ಹೋದ ಮಳೆಗಾಲ ತೀರಿಕೊಂಡ ಬೊಮ್ಮಜ್ಜಿಯ ಮನೆಯ ಮಾಡಿನ ಮೇಲೆ. ಮನೆಗೆ ಈಗ ಬೀಗ. ಬದುಕಿದ್ದಾಗ ಯಾರು ತುಂಡು ಕೇಳಿದರೂ, ಎಲೆಯಡಿಕೆಯ ಕವಳ ಕುಟ್ಟುತ್ತ ಕೂತ ಹಲ್ಲಿಲ್ಲದ ಅಜ್ಜಿಯದು ಒಂದೇ ಉತ್ತರ: "ಕೊಡೂದಿಲ್ಲ ಮಗಾ. ಜೀವ ಹೋದ್ರೂ ಕೊಡೂದಿಲ್ಲ."

ಕದ್ದ ಬಳ್ಳಿ ಬೇಗ ಬೇರು ಬಿಡುತ್ತದೆ ಅನ್ನುತ್ತಾರೆ. ಆದರೆ ಮಣ್ಣಿಗೆ ಊರುವ ತನಕ ತುಟಿ ಬಿಚ್ಚಬಾರದು, ಹಿಂದೆ ತಿರುಗಿ ನೋಡಬಾರದು.

ನಡು ಮಧ್ಯಾಹ್ನ, ಕಾಗೆಯೂ ಕೂಗದ ಹೊತ್ತು. ಯೋಗೇಶ ಅಜ್ಜಿಯ ಮಾಡಿನಿಂದ ಇಳಿಬಿದ್ದ ಬಳ್ಳಿಯ ಗೆಣ್ಣಿನ ಕೆಳಗೆ ಕತ್ತಿ ಇಟ್ಟ. ಗಾಳಿ ಇರಲಿಲ್ಲ, ಆದರೂ ಎಲೆಗಳೆಲ್ಲ ಒಮ್ಮೆ ಅವನ ಕಡೆ ಹೊರಳಿದವು. ಬೀಗದ ಬಾಗಿಲಿನ ಆಚೆ ಯಾರೋ ಕವಳ ಕುಟ್ಟುತ್ತಿದ್ದ ಸದ್ದು, ಕುಟ್, ಕುಟ್. ಕತ್ತರಿಸಿ ನೋಡುತ್ತಾನೆ, ಬಳ್ಳಿಯ ಕುಡಿ ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡಿತ್ತು, ಬಳೆಗಾರ ಬಳೆ ತೊಡಿಸಿ ಹೋದ ಹಾಗೆ.

ದಾರಿಯಲ್ಲಿ ಮೀನಿನ ಬುಟ್ಟಿ ಹೊತ್ತ ಗಂಗಿ ಎದುರಾದಳು.

"ಎಲ್ಲಿಗೆ ಹೋಗಿದ್ಯೋ ಈ ಬಿಸಿಲಲ್ಲಿ?"

ಮಾತಿಲ್ಲ.

"ಬಾಯಲ್ಲಿ ಕಡುಬು ಇಟ್ಕಂಡಿದ್ಯಾ?"

ಮಾತಿಲ್ಲ. ಅವಳ ಕಣ್ಣು ಬಳ್ಳಿಯ ಮೇಲೆ ಬಿತ್ತು. ಬುಟ್ಟಿ ಇಳಿಸಿದಳು. "ಶಾಂತಾರಾಮಣ್ಣಾ, ಬಾ ಮಾರಾಯಾ. ಬೊಮ್ಮಜ್ಜಿ ಈ ಹುಡಗನ್ನ ಹಿಡ್ಕಂಡದೆ."

ಅಂಗಡಿಯಿಂದ ಶಾಂತಾರಾಮ ಇಳಿದು ಬಂದ. "ನಿನ್ನ ಹೆಸರೊಂದು ಹೇಳು ತಮಾ, ಬಿಟ್ಬಿಡ್ತೇವೆ."

ಯೋಗೇಶ ತುಟಿ ಕಚ್ಚಿ ತಲೆಯಲ್ಲಾಡಿಸಿದ.

"ಕಂಡ್ಯಾ ಗಂಗಿ? ಮುದುಕಿ ಹೇಳೂಕೆ ಬಿಡೂದಿಲ್ಲ."

ತಲೆಗೆ ಒಂದು ಕೊಡ ನೀರು, ಮೂಗಿಗೆ ಮೆಣಸಿನ ಹೊಗೆ, ಬೆನ್ನಿಗೆ ಹುಣಸೆ ಬರಲಿನ ಏಟು. ಕೆಮ್ಮಿದ, ಸೀನಿದ, ಅತ್ತ; ಮಾತು ಮಾತ್ರ ಆಡಲಿಲ್ಲ. ಕೆಲಸ ಉಳಿಯಬೇಕಲ್ಲ. ಹೇಗೋ ಕೊಸರಿಕೊಂಡು ನರ್ಸರಿಗೆ ಓಡಿದ. ಹಿಂದೆ ಅರ್ಧ ಊರು.

ಎರಡು ಗೆಣ್ಣು ಮಣ್ಣೊಳಗೆ, ಎರಡು ಮೇಲೆ. ಒತ್ತಿ ನೀರು ಹನಿಸುವುದಕ್ಕೂ ಗಿರಾಕಿಯ ಜೊತೆ ರುಕ್ಮಿಣಿ ಬರುವುದಕ್ಕೂ ಸರಿಹೋಯಿತು.

"ಶಾಣ್ಯಾ ನೀನು. ನಾಳೆ ಕೆಲಸಕ್ಕೆ ಬಾ," ಅನ್ನುತ್ತ ಅವಳು ಕುಂಡಕ್ಕೆ ಕೈ ಚಾಚಿದಳು.

ಯೋಗೇಶನ ಎದೆ ಹಗುರಾಯಿತು. ಇನ್ನು ಮಾತಾಡಬಹುದು. 'ತಕ್ಕಳ್ಳಿ ಅಕ್ಕೋರೆ, ನನಗೆ ಯಾವ ದೆವ್ವವೂ ಹಿಡೀಲಿಲ್ಲ' ಅಂದುಬಿಡಬೇಕು ಎಂದು ಬಾಯಿ ತೆರೆದ. ಬಾಯೊಳಗಿಂದ ಕವಳದ ವಾಸನೆ ಬಂತು. ಎರಡೂ ಕೈ ತಾವಾಗಿ ಕುಂಡವನ್ನು ಎದೆಗೆ ಅವಚಿಕೊಂಡವು.

"ಕೊಡೂದಿಲ್ಲ ಮಗಾ," ಅಂದಿತು ಹಲ್ಲಿಲ್ಲದ ಒಂದು ಸಣ್ಣ ದನಿ. "ಜೀವ ಹೋಯ್ತಲ್ಲ, ಕೊಟ್ನಾ?"