ಶೋಕೇಸಿನ ಕಪ್ಪುಗಳಿಗೆ ಸ್ಪೇನಿನಿಂದ ಬಿಡುಗಡೆ

ರುದ್ರೇಶನ ಮನೆಯಲ್ಲಿ ಹೊಸ ವಸ್ತುಗಳಿಗೇನೂ ಬರವಿಲ್ಲ. ಮುಟ್ಟುವ ಹಕ್ಕು ಮಾತ್ರ ಅವನಿಗಿಲ್ಲ. ಆರು ವರ್ಷದ ಸೋಫಾ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇದೆ (ಬೇಸಿಗೆಯಲ್ಲಿ ಕೂತು ಎದ್ದರೆ ಅರ್ಧ ಚರ್ಮ ಅಲ್ಲೇ ಉಳಿಯುತ್ತದೆ). ಗೃಹಪ್ರವೇಶಕ್ಕೆ ನರಸೀಪುರದ ಭಾವಮೈದ ಕೊಟ್ಟ ಹನ್ನೆರಡು ಪಿಂಗಾಣಿ ಕಪ್ಪುಗಳು ಶೋಕೇಸಿನಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿವೆ. ಆ ಭಾವಮೈದನೇ ಬಂದರೂ ಕಾಫಿ ಸ್ಟೀಲ್ ಲೋಟದಲ್ಲೇ. "ಒಂದ್ಸಲ ತೆಗುದ್ರೆ ಆಮೇಲೆ ದಿನಾ ಬಳಕೆಗೇ ಬೀಳ್ತದೆ" ಎಂಬುದು ಹೆಂಡತಿ ಹೇಮಲತಾಳ ಶಾಸನ. ಸಾಯುವುದರೊಳಗೆ ಆ ಕಪ್ಪಿನಲ್ಲಿ ಒಂದು ಸಲ ಕಾಫಿ ಕುಡಿಯಬೇಕೆಂಬುದು ರುದ್ರೇಶನ ಏಕೈಕ ಮಹದಾಸೆ.

ಅವನು ಫಿಟ್ಟರ್ ಆಗಿರುವ ಕಾರ್ಖಾನೆಗೆ ಸ್ಪೇನಿನಿಂದ ಹೊಸ ಮಿಷಿನ್ ಬಂತು, ಕೂರಿಸಲು ಒಬ್ಬ ಎಂಜಿನಿಯರೂ ಬಂದ. ಮಿಷಿನ್ನಿನ ಪ್ಲಾಸ್ಟಿಕ್ಕನ್ನು ಪರಪರನೆ ಹರಿದು, ಸ್ವಿಚ್ ಒತ್ತಿ, ಆತ "ಎಸ್ತ್ರೆನಾರ್" ಎಂದ. ಹಾಗೆಂದರೇನು ಎಂದು ಕೇಳಿದ್ದಕ್ಕೆ ಬಿಡಿಸಿ ಹೇಳಿದ. ಯಾವುದನ್ನೇ ಆಗಲಿ ಮೊಟ್ಟಮೊದಲ ಸಲ ಬಳಸುವುದಕ್ಕೆ ಅವರಲ್ಲಿ ಅದೊಂದೇ ಕ್ರಿಯಾಪದವಂತೆ. ಹೊಸ ಅಂಗಿ ತೊಟ್ಟರೂ ಎಸ್ತ್ರೆನಾರ್, ಹೊಸ ಚಪ್ಪಲಿ ಮೆಟ್ಟಿದರೂ ಅದೇ, ಹೊಸ ಪಿಕ್ಚರಿನ ಮೊದಲ ಶೋಗೂ ಅದೇ.

ರುದ್ರೇಶ ಬೆರಗಾಗಿ ನಿಂತುಬಿಟ್ಟ. ಹೊಸದನ್ನು ಬಳಸುವುದಕ್ಕೆಂದೇ ಒಂದು ಪದ ಇಟ್ಟುಕೊಂಡವರು ಎಂಥ ಪುಣ್ಯವಂತರಿರಬೇಕು. ಸಂಜೆ ಕಪಿಲೆಯ ಸೇತುವೆ ದಾಟುವಾಗಲೂ ಅದನ್ನೇ ಮಂತ್ರದಂತೆ ಜಪಿಸುತ್ತ ಬಂದ.

ಅವರೆಕಾಯಿ ಬಿಡಿಸುತ್ತಿದ್ದ ಹೇಮಲತಾಳಿಗೆ ಪದವನ್ನೂ ಅರ್ಥವನ್ನೂ ಒಪ್ಪಿಸಿ, "ಮುಟ್ಟದೆ ಮಡಗಿರೋ ವಸ್ತು ಇದ್ರೂ ಒಂದೇ ಇಲ್ದಿದ್ರೂ ಒಂದೇ ಕಣೇ. ಈ ಮನೇಲಿ ಹೊಸದಾಗಿ ಉಳ್ದಿರೋದನ್ನೆಲ್ಲ ಇವತ್ತೇ ಎಸ್ತ್ರೆನಾರ್ ಮಾಡ್ಬೇಕು" ಎಂದ.

"ಎಲ್ಲಾನೂವಾ?"

"ಎಲ್ಲಾನೂವೆ."

ಅವಳು ಜಗಳಕ್ಕೆ ಬರಲಿಲ್ಲ (ಅದೇ ಅಪಾಯದ ಸೂಚನೆ ಎಂದು ಅವನಿಗೆ ಹೊಳೆದದ್ದು ಆಮೇಲೆ). ತಾನೇ ಸೋಫಾದ ಕವರು ಕಿತ್ತಳು, ಧೂಳು ಕೂತ ಹನ್ನೆರಡು ಕಪ್ಪನ್ನೂ ಇಳಿಸಿದಳು, ಒಂದನ್ನು ತೊಳೆದು ಕಾಫಿ ತಂದುಕೊಟ್ಟಳು. ದಿನದ ಕಾಫಿಯೇ, ಆದರೂ ರುದ್ರೇಶನ ಕಣ್ಣು ತುಂಬಿ ಬಂತು.

ಖಾಲಿ ಕಪ್ಪು ಇಡಲು ಅಡಿಗೆಮನೆಗೆ ಹೋದರೆ, ಸಿಂಕಿನಲ್ಲಿ ಉಳಿದ ಹನ್ನೊಂದು ಕಪ್ಪು, ಬೆಳಗಿನ ಕುಕ್ಕರು, ಸಾರಿನ ಪಾತ್ರೆ.

"ಇನ್ನೊಂದು ಬಾಕಿ ಅದಲ್ರೀ," ಎಂದಳು ಹೇಮಲತಾ. "ಮದ್ವೆ ಆಗಿ ಹದಿನೆಂಟು ವರ್ಸ ಆಯ್ತು, ನಿಮ್ಮ ಕೈ ಒಂದು ಲೋಟ ತೊಳ್ದಿಲ್ಲ. ಇನ್ನೂ ಪ್ಲಾಸ್ಟಿಕ್ ಕವರಲ್ಲೇ ಅವೆ." ಸ್ಕ್ರಬ್ಬರನ್ನು ಕೈಗಿತ್ತಳು. "ಎಸ್ತ್ರೆನಾರ್ ಮಾಡಿ."

ರುದ್ರೇಶ ಎರಡನೆಯ ಸಲ ಬೆರಗಾದ. ದಾರಿಯುದ್ದಕ್ಕೂ ತಾನು ಜಪಿಸಿ ತಂದ ಪದವನ್ನು ಇವಳು ಒಂದು ಕಾಫಿ ಮುಗಿಯುವುದರೊಳಗೆ ಸ್ಪೇನಿನವನಿಗಿಂತ ಚೆನ್ನಾಗಿ ಬಳಸಿದ್ದಳು. ಕುಕ್ಕರಿನ ತಳ ತಿಕ್ಕುತ್ತ ಮೆಲ್ಲಗೆ ಕೇಳಿದ: "ಇವತ್ತೊಂದಿನ ತಾನೇ?"

"ಒಂದ್ಸಲ ತೆಗುದ್ಮೇಲೆ ಇನ್ನೇನ್ರೀ," ಎಂದಳು. "ದಿನಾ ಬಳಕೆಗೇ."