ಹಲಗೆ ಎತ್ತಿ ಹಿಡಿದ ವಿಜ್ಞಾನಿ

ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಪಳಗಿದ ಇಂಗ್ಲಿಷ್ ನಾಲಿಗೆ ನನ್ನದು. ಮಗಳು ವರದಾಳ ಪಿಯುಸಿ ಫಿಜಿಕ್ಸಿಗೆ ಬೈಲಹೊಂಗಲದ ಯಾವ ಟ್ಯೂಶನ್ನೂ ಬೇಡ, ನಾನೊಬ್ಬನೇ ಸಾಕು ಎಂದು ಭಾನುವಾರ ಅಡುಗೆಮನೆಯಲ್ಲೇ ಫ್ರಿಜ್ಜಿಗೊರಗಿ ಘೋಷಿಸಿಬಿಟ್ಟೆ!

ಇಂಗ್ಲಿಷ್ ಪದಗಳು ಮನೆಯಲ್ಲಿ ಲುಂಗಿಯಲ್ಲಿರುತ್ತವೆ, ವಿಜ್ಞಾನಕ್ಕೆ ಹೋಗುವಾಗ ಕೋಟು ತೊಡುತ್ತವೆ ಎಂದು ಪಾಠ ಶುರು ಮಾಡಿದೆ. ‘ಪವರ್’ ಎಂದರೆ ಮನೆಯಲ್ಲಿ ಕರೆಂಟು, ಊರಲ್ಲಿ ಖುರ್ಚಿ, ಫಿಜಿಕ್ಸಿನಲ್ಲಿ ಕೆಲಸದ ವೇಗ. ‘ವರ್ಕ್’ ಎಂದರೆ ಬೆವರಲ್ಲ. ವಸ್ತು ಜರುಗಬೇಕು. ಜರುಗದ ಗೋಡೆಯನ್ನು ದಿನವಿಡೀ ನೂಕಿದರೂ ಮಾಡಿದ ವರ್ಕ್ ಸೊನ್ನೆ!

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಹರಿಪ್ರಿಯಾ ತಿರುಗಿಯೂ ನೋಡಲಿಲ್ಲ. “ಹಂಗಾರ ನೀವು ಆಫೀಸಿನ್ಯಾಗ ಮಾಡೋದು ಫಿಜಿಕ್ಸ್ ಏನ್ರಿ?”

ಅದೇ ಹೊತ್ತಿಗೆ ತಲೆಯ ಮೇಲೆ ‘ಕಟ್’ ಎಂದಿತು. ಗೋಡೆಯ ಹಲಗೆಯ ಒಂದು ಮೊಳೆ ಕಿತ್ತುಬಂದು, ಹಲಗೆ ವಾಲಿತು. ಅದರ ಮೇಲೆ ಅತ್ತೆ ಮಥುರಾಬಾಯಿಯವರ ಉಪ್ಪಿನಕಾಯಿ ಭರಣಿಗಳ ಸಾಲು! ಹೋದ ವರ್ಷ ನನ್ನ ಕೈಯಿಂದ ಒಂದು ಒಡೆದಾಗ ದೀಪಾವಳಿಯವರೆಗೆ ಅವರು ನನ್ನ ಜೊತೆ ಮಾತಾಡಿರಲಿಲ್ಲ. ಈಗ ಅದೇ ಅತ್ತೆ ಮುನವಳ್ಳಿ ಬಸ್ಸಿನಲ್ಲಿ ನಮ್ಮ ಮನೆಗೇ ಬರುತ್ತಿದ್ದರು. ಜಿಗಿದು ಎರಡೂ ಕೈಯಿಂದ ಹಲಗೆ ಹಿಡಿದು ನಿಂತೆ, ಗಿರಿಯೆತ್ತಿದ ಗಿರಿಧರನಂತೆ!

ಸುತ್ತಿಗೆ ತರುತ್ತೇನೆಂದು ಹೆಂಡತಿ ಪಕ್ಕದ ಮೆಹಬೂಬಸಾಬರ ಮನೆಗೆ ಓಡಿದಳು. ಅಲ್ಲಿ ಸಾಬರ ಹೆಂಡತಿ ರಹೀಮಬಿ ಚಹಾ ಕುಡಿಸದೆ ಯಾರನ್ನೂ ಬಿಟ್ಟವರಲ್ಲ. ಗೋಡೆಯಾಚೆಯಿಂದ ನಗು ಕೇಳಿಸತೊಡಗಿತು. ಇಲ್ಲಿ ನನ್ನ ತೋಳು ಜೋಮು ಹಿಡಿಯಿತು, ಮೂಗು ತುರಿಸಿತು. ಒಂದಿಷ್ಟು ಕೆರೆಯವ್ವಾ ಎಂದು ಮಗಳನ್ನು ಬೇಡಿಕೊಂಡೆ.

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. “ಅಪ್ಪಾ, ಹಲಗಿ ಜರಗಿಲ್ಲ. ನೀ ಇನ್ನೂ ವರ್ಕ್ ಸುರುನ ಮಾಡಿಲ್ಲ.”

ಅಷ್ಟರಲ್ಲಿ ಅತ್ತೆ ಒಳಗೆ ಬಂದರು, ಹಿಂದೆಯೇ ಸುತ್ತಿಗೆ ಹಿಡಿದ ಹೆಂಡತಿ. ಹಲಗೆಯ ಭಾರ, ಗೋಡೆಯ ತೇವ, ಗುರುತ್ವಾಕರ್ಷಣೆ ಎಲ್ಲವನ್ನೂ ನಾವು ಒಟ್ಟಿಗೇ ವಿವರಿಸಿದೆವು. ಅತ್ತೆ ಚೀಲ ಕೆಳಗಿಟ್ಟು, ಭರಣಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದರು.

“ಇಷ್ಟು ಮಂದಿ ಶಾಣ್ಯಾರು ಇದ್ದೀರಿ, ಭರಣಿ ಇಳಸೂದು ಯಾರಿಗೂ ಹೊಳೀಲಿಲ್ಲೇನು? ಇನ್ನ ಕೈ ಬಿಡ್ರಿ.”

ಕಣ್ಣು ಮುಚ್ಚಿ ಕೈ ಬಿಟ್ಟೆ. ಸದ್ದೇ ಇಲ್ಲ. ಕಣ್ಣು ತೆರೆದರೆ, ಹಲಗೆ ಎಳ್ಳಷ್ಟೂ ಅಲುಗಿರಲಿಲ್ಲ! ವಾಲಿದ ತುದಿ ಮೊದಲಿನಿಂದಲೂ ಫ್ರಿಜ್ಜಿನ ತಲೆಯ ಮೇಲೆ ಆರಾಮಾಗಿ ಕುಳಿತಿತ್ತು.

ಅತ್ತೆ ಫ್ರಿಜ್ಜನ್ನು ನೋಡಿದರು, ನನ್ನನ್ನು ನೋಡಿದರು.

“ಹಲಗಿನ್ನ ಫ್ರಿಜ್ಜು ಹಿಡಕೊಂಡದ. ಮತ್ತ ನೀವು ಏನು ಹಿಡಕೊಂಡು ನಿಂತಿದ್ರಿ?”